ಗನ್ ಹಿಂದಿರುವ ಗುನಿಲ್ಡಾ

ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಆಟಿಕೆಯೂ ಗನ್, ಮಂತ್ರಿಗಳ ಬೆಂಗಾವಲಿಗೆ ನಿಂತವನೂ ಗನ್‌ಮ್ಯಾನ್. ನಮ್ಮ ಮಾತಿನಲ್ಲಿ ಬೆರೆತುಹೋಗಿರುವ ಈ ಪುಟ್ಟ ಪದದ ಮೂಲ ಹುಡುಕುತ್ತ ಹೋದರೆ ಹೆಣ್ಣೊಬ್ಬಳ ಹೆಸರು ಎದುರಾಗುತ್ತದೆ!

ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿದ್ದ ಯುದ್ಧಸಾಮಗ್ರಿಗಳ ಪಟ್ಟಿಯೊಂದು 1330ರ ಸುಮಾರಿಗೆ ತಯಾರಾಯಿತು. ಲ್ಯಾಟಿನ್ ಭಾಷೆಯ ಆ ಪಟ್ಟಿಯಲ್ಲಿ ಒಂದು ದೊಡ್ಡ 'ಬಲಿಸ್ಟ'ವನ್ನು 'ಡೊಮಿನಾ ಗುನಿಲ್ಡಾ', ಅಂದರೆ ಗುನಿಲ್ಡಾ ದೊರೆಸಾನಿ ಎಂದು ಕರೆಯಲಾಗಿದೆ. ಬಲಿಸ್ಟ ಎಂದರೆ ಬಿಲ್ಲಿನ ಮಾದರಿಯ ಭಾರಿ ಯಂತ್ರ. ಕೋಟೆಯ ಮುತ್ತಿಗೆಯಲ್ಲಿ ಬಾಣವನ್ನೋ ಕಲ್ಲನ್ನೋ ದೂರಕ್ಕೆ ಎಸೆಯಲು ಅದನ್ನು ಬಳಸುತ್ತಿದ್ದರು. ಅದಕ್ಕೆ ಮದ್ದು ಬೇಕಿರಲಿಲ್ಲ.

ಗುನಿಲ್ಡಾ ಸ್ಕ್ಯಾಂಡಿನೇವಿಯ ಮೂಲದ ಹೆಸರು. ಅಲ್ಲಿನ ಹಳೆಯ ಭಾಷೆಯಲ್ಲಿ ಅದರ ರೂಪ 'ಗುನ್‌ಹಿಲ್ಡ್'. 'ಗುನ್' ಎಂದರೂ ಯುದ್ಧ, 'ಹಿಲ್ಡ್' ಎಂದರೂ ಯುದ್ಧ. ಇದರ ಮೊಟಕು ರೂಪದಿಂದಲೇ 'ಗನ್' ಹುಟ್ಟಿತೆಂಬುದು ನಿಘಂಟುಕಾರರಲ್ಲಿ ಹೆಚ್ಚಿನವರು ಒಪ್ಪಿದ ವಿವರಣೆ. ಅದೇ ಶತಮಾನದಲ್ಲಿ ಮದ್ದಿನ ಫಿರಂಗಿ ಬಂದಾಗ ಹೆಸರು ಅದಕ್ಕೆ ದಾಟಿತು. ಬಲಿಸ್ಟ ಕ್ರಮೇಣ ಮೂಲೆ ಸೇರಿತು.

ಆಯುಧಗಳಿಗೆ ಹೆಸರಿಡುವ ವಾಡಿಕೆ ಹೊಸದಲ್ಲ. ಎಡಿನ್‌ಬರೋ ಕೋಟೆಯಲ್ಲಿರುವ 1449ರ ಫಿರಂಗಿ 'ಮಾನ್ಸ್ ಮೆಗ್'. ಮೆಗ್ ಎಂಬುದು ಮಾರ್ಗರೆಟ್ ಎಂಬುದರ ಮುದ್ದುರೂಪ. ನಮ್ಮ ವಿಜಯಪುರದಲ್ಲಿರುವ 1549ರ ಫಿರಂಗಿ 'ಮಲಿಕ್-ಎ-ಮೈದಾನ್', ಅಂದರೆ ರಣರಂಗದ ಒಡೆಯ. ಆದರೆ ಇವು ಆಯಾ ಫಿರಂಗಿಯ ಹೆಸರಾಗಿಯೇ ಉಳಿದವು. ಗುನಿಲ್ಡಾ ಮಾತ್ರ ತನ್ನ ಗುರುತು ಕಳೆದುಕೊಂಡು ಲೋಕದ ಬಂದೂಕುಗಳಿಗೆಲ್ಲ ಹೆಸರಾದಳು. ಹೆತ್ತವರು ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಹೆಸರು ಕೊನೆಗೆ ಪ್ರಾಣ ತೆಗೆಯುವ ಸಾಧನದ್ದಾಯಿತು.