ಆಕ್ಯುಪೇಷನಲ್ ಥೆರಪಿ: ಮಗುವಿನ ಮೊದಲ ಭೇಟಿಗೆ ಮುನ್ನ

ಔದ್ಯೋಗಿಕ ಚಿಕಿತ್ಸೆ ಎಂಬ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಮಗುವಿನ ಉದ್ಯೋಗವೆಂದರೆ ಉಣ್ಣುವುದು, ಉಡುವುದು, ಬರೆಯುವುದು, ಆಡುವುದು. ಇವುಗಳಲ್ಲಿ ತೊಡಕಿದ್ದರೆ ಚಿಕಿತ್ಸಕರು ಬಹುಪಾಲು ಆಡಿಸಿಯೇ ಪರೀಕ್ಷಿಸುತ್ತಾರೆ. 1990ರಲ್ಲಿ ಆರಂಭವಾದ, ಕಾಶಿಯ ಹೊರವಲಯದ ಮಾಧೋಪುರದಲ್ಲಿರುವ ಕಿರಣ್ ಸಂಸ್ಥೆ ವಿಕಲಚೇತನ ಮಕ್ಕಳಿಗಾಗಿ ಕೆಲಸ ಮಾಡುತ್ತದೆ.

ಗೋದೌಲಿಯಾ, ಜಂಗಮವಾಡಿಯ ಸುತ್ತ ನೆಲೆಸಿರುವ ನಮ್ಮವರಿಗೆ ನಾವು ಒತ್ತಿ ಹೇಳಬಯಸುವುದು ಭಾಷೆಯ ವಿಷಯ. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಮಗು ಹಿಂದಿಯ ಸೂಚನೆ ತಿಳಿಯದೆ ಸುಮ್ಮನಿದ್ದರೆ, ಅದಕ್ಕೆ ಆ ಕೆಲಸವೇ ಬಾರದೆಂದು ಎಣಿಸುವ ಸಂಭವವುಂಟು. ಮನೆಮಾತು ಯಾವುದೆಂದು ಮೊದಲೇ ತಿಳಿಸಿರಿ. ಸೂಚನೆಯನ್ನು ಕನ್ನಡದಲ್ಲಿ ಹೇಳಲು ಅನುಮತಿ ಕೇಳಿರಿ. ಆದರೆ ಉತ್ತರವನ್ನು ಹೇಳಿಕೊಡಬಾರದು (ಅಜ್ಜಿಯರಿಗೆ ಇದು ಕಷ್ಟವೇ ಸರಿ). ಚಮಚ ಹಿಡಿಯಲು ತಡವರಿಸಿದರೆ, ಮನೆಯಲ್ಲಿ ಕೈಯಿಂದಲೇ ಉಣ್ಣುವ ರೂಢಿಯನ್ನೂ ತಿಳಿಸಿರಿ. ಊಟದ ವೇಳೆಯ ಚಿಕ್ಕ ವಿಡಿಯೋ ಒಂದಿದ್ದರೆ ಬಹಳ ಉಪಯುಕ್ತ.

ಹೆರಿಗೆ ಆಸ್ಪತ್ರೆಯ ದಾಖಲೆ, ಲಸಿಕೆ ಚೀಟಿ, ಶಾಲೆಯ ನೋಟುಪುಸ್ತಕ ಜೊತೆಗಿರಲಿ. ಸೂಜಿ ಚುಚ್ಚುವುದಿಲ್ಲವೆಂದು ಮಗುವಿಗೆ ಹಿಂದಿನ ದಿನವೇ ಹೇಳಿರಿ. ಗೋದೌಲಿಯಾ ಚೌಕದ ಹಾರ್ನು, ನೂಕುನುಗ್ಗಲುಗಳನ್ನು ದಾಟಿಬಂದ ಮಗು ದಣಿದಿರುತ್ತದೆ. ಶಬ್ದಕ್ಕೆ ಬೆದರುವ ಸ್ವಭಾವವಿದ್ದರಂತೂ ಬೇಗನೆ ಹೊರಟು, ಒಳಹೋಗುವ ಮುನ್ನ ಅರ್ಧ ಗಂಟೆ ಸುಮ್ಮನೆ ಕುಳಿತಿರುವುದು ಒಳಿತು.