ಮೂರು ಹೆಸರಿನ ಒಂದು ಲೆಕ್ಕ

ಕುಂದಾಪುರಕ್ಕೆ ಹೋದಾಗಲೆಲ್ಲ ನನ್ನ ಪಿಎಚ್‌ಡಿ ಬಗ್ಗೆ ಅಜ್ಜಯ್ಯ ಕೇಳುವುದು ಒಂದೇ: ‘ಇದ್ ಎಂತಕ್ಕ್ ಆತ್ತ್ ಮಗಾ?’

ಆಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತಜ್ಞ ಬಿ. ಎಸ್. ಮಾಧವರಾವ್ ನೆನಪಾಗುತ್ತಾರೆ. ಬಿಂದುವಿನಂಥ ಎಲೆಕ್ಟ್ರಾನಿನ ಶಕ್ತಿ ಹಳೆಯ ಲೆಕ್ಕದಲ್ಲಿ ಅನಂತವಾಗುತ್ತಿತ್ತು. ಅದನ್ನು ತಪ್ಪಿಸುವ ಸಿದ್ಧಾಂತ ಕಟ್ಟಿದ್ದ ಮ್ಯಾಕ್ಸ್ ಬಾರ್ನ್, ರಾಮನ್ ಕರೆದರೆಂದು 1935ರಲ್ಲಿ ಬೆಂಗಳೂರಿಗೆ ಬಂದರು. ಆ ಸಿದ್ಧಾಂತದ ಗಣಿತಕ್ಕೆ ಮಾಧವರಾವ್ ಕೈಹಾಕಿದರು. 1946ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿದ ಅವರ ಪ್ರಬಂಧ 3/2 ಸ್ಪಿನ್ನಿನ ಮೂಲಕಣಗಳ ಬೀಜಗಣಿತದ್ದು. ಕಣ ಭೌತವಿಜ್ಞಾನಿಯದು, ಗುಣಾಕಾರದ ನಿಯಮ ಗಣಿತಜ್ಞನದು. ಜೊತೆಗೆ ತಿರುವೆಂಕಟಾಚಾರ್, ವೆಂಕಟಾಚಲಯ್ಯಂಗಾರ್ ಹೆಸರೂ ಇದೆ. ಈ ಕೊನೆಯವರೇ 1988ರಲ್ಲಿ ರಾಮಾನುಜನ್ ಹಾದಿಯ ಎಲಿಪ್ಟಿಕ್ ಫಲನಗಳ ಬಗ್ಗೆ ಪುಸ್ತಕ ತಂದವರು. ಪ್ರಭಾವವನ್ನು ಸೈಟೇಶನ್ನಿನಲ್ಲಿ ಎಣಿಸುವ ಕಾಲದವಳು ನಾನು. ನನಗೆ ಮಾತ್ರ ಆ ಮೂರು ಹೆಸರು ಒಟ್ಟಿಗೆ ಕೂತದ್ದೇ ದೊಡ್ಡದು.

ಅಜ್ಜಯ್ಯನಿಗೆ ಹೇಳಿದೆ. ‘ಮೂರ್ ಜನ ಸೇರಿ ಒಂದ್ ಲೆಕ್ಕವಾ?’ ಎಂದು ನಕ್ಕರು.