ಬೆಂಕಿರೋಗ

‘ಈ ಸಲ ಗದ್ದೆಗೆ ಬೆಂಕಿ ಬಿದ್ದಿದೆ’ ಎಂದು ರೈತರು ಅಂದರೆ ಕೊಡ ಹಿಡಿದು ಓಡಬೇಕಿಲ್ಲ. ಅದು ಭತ್ತಕ್ಕೆ ಬರುವ ಶಿಲೀಂಧ್ರ ರೋಗ.

‘ಬೇ’ ಎಂಬ ಧಾತುವಿನಿಂದ ಬೇಯು, ಬೆಂದ, ಬೇಗೆ ಬಂದಂತೆ ಬೆಂಕಿಯೂ ಬಂದಿದೆ. ರೋಗ ತಗುಲಿದ ಎಲೆಯ ಮೇಲೆ ಕಣ್ಣಿನಾಕಾರದ ಮಚ್ಚೆ ಮೂಡುತ್ತದೆ: ಅಂಚು ಕಂದು, ನಡುವೆ ಬೂದಿ ಬಣ್ಣ. ಮಚ್ಚೆಗಳು ಕೂಡಿಕೊಂಡರೆ ಪೈರು ಸುಟ್ಟಂತೆ ಕಾಣುತ್ತದೆ. ಹೆಸರು ಹುಟ್ಟಿದ್ದು ಹಾಗೆ. ತೆಲುಗರೂ ಇದನ್ನು ‘ಅಗ್ಗಿ ತೆಗುಲು’ ಎನ್ನುತ್ತಾರೆ. ತೆನೆಯ ಬುಡಕ್ಕೆ ತಗುಲಿದರೆ ‘ಕುತ್ತಿಗೆ ಬೆಂಕಿ’. ಆಗ ಕಾಳು ಜೊಳ್ಳು. ತಂಪು, ಇಬ್ಬನಿ, ಅತಿಯಾದ ಯೂರಿಯಾ ಈ ಬೆಂಕಿಗೆ ತುಪ್ಪ.

ಪೈರು ಸುಮ್ಮನೆ ಸುಟ್ಟುಕೊಳ್ಳುವುದಿಲ್ಲ. ಶಿಲೀಂಧ್ರದ ಬೀಜಕ ಎಲೆಗೆ ಅಂಟಿ, ವಾಯುಮಂಡಲದ ಸುಮಾರು 80 ಪಟ್ಟು ಒತ್ತಡ ಕೂಡಿಸಿಕೊಂಡು ಒಳಗೆ ತೂರುತ್ತದೆ. ಅದರ ಮೈಗೋಡೆಯಲ್ಲಿರುವುದು ಕೈಟಿನ್. ಭತ್ತದಲ್ಲಿ ಅದು ಇಲ್ಲ. ಹಾಗಾಗಿ ಕೈಟಿನ್ನಿನ ಚೂರು ಸಿಕ್ಕರೆ ಹೊರಗಿನವರು ಬಂದರೆಂದೇ ಅರ್ಥ. ಆ ಚೂರನ್ನು ಹಿಡಿಯುವ ‘ಸಿಇಬಿಪ್’ ಎಂಬ ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ವರದಿ ಮಾಡಿದರು. ಸುದ್ದಿ ಮುಟ್ಟಿದೊಡನೆ ಜೀವಕೋಶ ತೀಕ್ಷ್ಣ ಆಮ್ಲಜನಕ ಕಣಗಳನ್ನೂ ಶಿಲೀಂಧ್ರನಾಶಕಗಳನ್ನೂ ತಯಾರಿಸುತ್ತದೆ.

ನಿರೋಧಕ ತಳಿಗಳು ಇನ್ನೂ ಒಂದು ಹೆಜ್ಜೆ ಮುಂದೆ: ದಾಳಿಗೊಳಗಾದ ಕೋಶಗಳು ತಾವೇ ಸಾಯುತ್ತವೆ, ಶಿಲೀಂಧ್ರ ಅಲ್ಲೇ ಸಿಕ್ಕಿಬೀಳುತ್ತದೆ. ಎಲೆಯಲ್ಲಿ ಉಳಿಯುವುದು ಸೂಜಿಮೊನೆಯಷ್ಟು ಕಂದು ಚುಕ್ಕೆ. ಕಾಡಿಗೆ ಕಿಚ್ಚು ಹಬ್ಬದಿರಲೆಂದು ಮೊದಲೇ ಸುಟ್ಟಿಡುವ ಬೆಂಕಿರೇಖೆಯ ಹಾಗೆ.